ಬಟ್ಟೆ ಹಿಂಡುವ ಸ್ಪಿನ್ನರ್

“ಅಮ್ಮಾ, ಸಿಕ್ಸರ್ ಹೊಡೆಸ್ಕೊಂಡೆ ಅಂತ ಎಲ್ಲರೂ ಬೈತಿದಾರೆ. ಹೊಡೀಲಿ ಅಂತಾನೇ ಹಾಕಿದ್ದಮ್ಮ! ಎರಡು ಹೊಡೆದೋನು ಮೂರನೇದಕ್ಕೂ ಆಸೆಪಟ್ಟು ಮುಂದೆ ನುಗ್ತಾನೆ. ಆಗ ಚೆಂಡು ತಿರುಗ್ತು ಅನ್ಕೋ, ಅವನು ವಾಪಸ್ ಬರೋ ಹೊತ್ತಿಗೆ ಕೀಪರ್ ಬೇಲ್ಸ್ ಹಾರಿಸಿರ್ತಾನೆ. ಆ ಚೆಂಡು ಮುಂದಿನ ಓವರಿಗೆ ಅಂತ ಇಟ್ಕೊಂಡಿದ್ದೆ, ಕ್ಯಾಪ್ಟನ್ ಓವರೇ ಕೊಡ್ಲಿಲ್ಲ!” ಸ್ಪಿನ್ನರ್ ಮಗ ಹೀಗೆ ಶುರುಮಾಡಿದನೆಂದರೆ ತಾಯಿ ಈರುಳ್ಳಿ ಬುಟ್ಟಿಯನ್ನು ಸೆರಗಿನಡಿ ಬಚ್ಚಿಡುತ್ತಿದ್ದಳು. ಸಿಕ್ಕಿದ್ದನ್ನೆಲ್ಲ ತಿರುಗಿಸಿ ಎಸೆಯುವ ಕೈ ಅದು. ಆಲೂಗಡ್ಡೆ ಹೊಸಿಲ ಬಳಿ ಬಿದ್ದು ಬಚ್ಚಲ ಕಡೆ ಹೊರಳಿದರೆ “ಔಟ್!” ಎಂದು ಅವನು ಕೂಗುವ ರಭಸಕ್ಕೆ ಪಕ್ಕದ ಮನೆಯ ನಾಯಿಯೂ ಬೊಗಳುತ್ತಿತ್ತು. ಬೆರಳಿಗೆ ಬಲ ಬರಲೆಂದು ಮನೆಯವರ ಬಟ್ಟೆಯನ್ನೆಲ್ಲ ತಾನೇ ಹಿಂಡುತ್ತಿದ್ದ; ವಾಷಿಂಗ್ ಮಷಿನ್‌ಗೆ ಒಗೆಯುವುದಷ್ಟೇ ಕೆಲಸ. ವಿಕೆಟ್ ಬಿದ್ದ ವಾರ ಹಾಡುತ್ತ ಹಿಂಡುವನು, ಬೀಳದ ವಾರ ಅಪ್ಪನ ಅಂಗಿಯ ಗುಂಡಿಗಳೇ ಉದುರುವವು. ತಂಡದಿಂದ ಕೈಬಿಟ್ಟ ದಿನ ಮಾತ್ರ “ಇನ್ಮೇಲೆ ಮಷಿನ್ನೇ ಹಿಂಡ್ಲಿ ಬಿಡಮ್ಮ,” ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ತಾಯಿ ಆ ವರ್ಷವೆಲ್ಲ ಹಿಂಡುವ ಮೊದಲೇ ಮಷಿನ್ ನಿಲ್ಲಿಸಿ, ನೀರು ಸೋರುವ ಬಟ್ಟೆಯ ಬಕೆಟ್ಟನ್ನು ಅವನ ಬಾಗಿಲಿಗೆ ತಂದಿಡುತ್ತಿದ್ದಳು. ಅವನು ಗೊಣಗಿಕೊಂಡೇ ಎದ್ದು ಹಿಂಡುತ್ತಿದ್ದ. ಇವತ್ತು ಬೆಳಿಗ್ಗೆ ಫೋನ್ ಬಂತು. “ಅಮ್ಮಾ, ಮತ್ತೆ ಕರೆದ್ರು! ನಾಳೇನೇ ಮ್ಯಾಚು!” ಎಂದವನು ಅವಳನ್ನೇ ಎತ್ತಿ ಗಿರ್ರನೆ ತಿರುಗಿಸಿದ. “ಇಳಿಸೋ ಕೋತಿ, ನಾನೇನು ಚೆಂಡಾ? ಚಾದರ ನೆನೀತಿದೆ, ಬಾ,” ಎಂದು ಅವಳು ಕಣ್ಣೊರೆಸಿಕೊಂಡಳು. ಒಂದು ತುದಿ ಅವನು ಹಿಡಿದ, ಇನ್ನೊಂದು ಅವಳು ಹಿಡಿದಳು. ಕೊನೆಯ ಹನಿಯವರೆಗೂ ಹಿಂಡಿ, ಇಬ್ಬರೂ ಕೊಡವಿ ಹಗ್ಗಕ್ಕೆ ಹರವಿದರು.