ಕಾಲೇಜು ಬೇಕಿತ್ತು, ಚಳಿಗಾಲ ಬಂತು

ಕಳೆದ ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನಾನು ಸತ್ತುಹೋದೆ.

ಗಾಬರಿಯಾಗಬೇಡಿ. ಅಂಕಣ ಬರೆಯುತ್ತಿರುವವಳು ನಾನೇ. ಸತ್ತಿದ್ದು ಲ್ಯಾಪ್‌ಟಾಪಿನ ಆಟದೊಳಗಿನ ಗೀತಾ. ನನ್ನದೇ ಹೆಸರು, ನನ್ನದೇ ಕನ್ನಡಕ, ನನ್ನದೇ ತುರುಬು. (ಸೊಂಟದ ವಿಷಯದಲ್ಲಿ ಮಾತ್ರ ಮಗಳು ಸ್ವಲ್ಪ ಧಾರಾಳ ತೋರಿಸಿದ್ದಾಳೆ.) ಹೊರಗೆ ಹಿಮ ಬೀಳುತ್ತಿತ್ತು. ಈ ಪುಣ್ಯಾತ್ಗಿತ್ತಿ ತೆಳ್ಳನೆಯ ಹತ್ತಿ ಬಟ್ಟೆ ಹಾಕಿಕೊಂಡು ಟೊಮೆಟೊ ಗಿಡ ನೋಡಲು ಹಿತ್ತಲಿಗೆ ಹೋದಳು. ಅಷ್ಟರಲ್ಲಿ ಇಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು. ಒಲೆ ಆರಿಸಿ, ಬಾಗಿಲಿಗೆ ಬಂದ ಸೊಪ್ಪಿನವಳ ಹತ್ತಿರ ಎರಡು ಕಟ್ಟು ಮೆಂತ್ಯ ತೆಗೆದುಕೊಂಡು ಬರುವಷ್ಟರಲ್ಲಿ ಗೀತಾ ನೀಲಿಯಾಗಿ ಬಿದ್ದಿದ್ದಳು.

ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡಿದ್ದವರು ನನ್ನ ಅತ್ತೆ. ಎಪ್ಪತ್ತೊಂಬತ್ತು ವರ್ಷ, ಕಣ್ಣು ಚೆನ್ನಾಗಿದೆ. ಆಟದೊಳಗೂ ಒಬ್ಬ ಅತ್ತೆ ಇದ್ದಾರೆ. ಅವರು ಹಿಮದಲ್ಲಿ ಓಡಿ ಬಂದು ಎರಡು ನಿಮಿಷ ಅತ್ತು, ಒಳಗೆ ಹೋಗಿ ಫ್ರಿಜ್ ತೆಗೆದರು.

"ನಾನು ಹಾಗೆಲ್ಲ ಮಾಡಲ್ಲಮ್ಮ" ಅಂದರು ಅತ್ತೆ, ಮುಖ ಸಣ್ಣ ಮಾಡಿಕೊಂಡು.

ಇದೆಲ್ಲ ಹೇಗೆ ಶುರುವಾಯಿತು ಎಂದು ಹೇಳಬೇಕು. ಮೂರು ತಿಂಗಳ ಹಿಂದೆ ವಿಜಯನಗರದ ಮಾರ್ಕೆಟ್ ರಸ್ತೆಯ ಫುಟ್‌ಪಾತಿನಲ್ಲಿ ಅಲುಗಾಡುವ ಒಂದು ಕಲ್ಲು ಚಪ್ಪಡಿಯ ಮೇಲೆ ಕಾಲಿಟ್ಟು ಪಾದ ಉಳುಕಿಸಿಕೊಂಡೆ. ಡಾಕ್ಟರು ಮೂರು ವಾರ ಏಳಬೇಡಿ ಅಂದರು. ಮೂರನೇ ದಿನಕ್ಕೇ ನಾನು ಮನೆಯವರ ತಲೆ ತಿನ್ನಲು ಶುರು ಮಾಡಿದೆನಂತೆ. ಮಗಳು ಪಲ್ಲವಿ ತನ್ನ ಹಳೇ ಲ್ಯಾಪ್‌ಟಾಪ್ ತಂದು ಮಡಿಲಲ್ಲಿಟ್ಟು, "ಅಮ್ಮಾ, ಇದರಲ್ಲಿ ಮನೆ ಕಟ್ಟು. ಅಡುಗೆ ಮಾಡು. ಯಾರನ್ನ ಬೇಕಾದ್ರೂ ಬೈಕೋ. ನಮ್ಮನ್ನ ಬಿಟ್ಬಿಡು" ಅಂದಳು. ಅವಳು ನಾಯಂಡಹಳ್ಳಿಯ ಒಂದು ಇಂಟೀರಿಯರ್ ಆಫೀಸಿನಲ್ಲಿ ಬೇರೆಯವರ ಅಡುಗೆಮನೆಗಳ ಡ್ರಾಯಿಂಗ್ ಮಾಡುತ್ತಾಳೆ. ಕಾಲೇಜಿನಲ್ಲಿದ್ದಾಗ ಈ ಆಟದಲ್ಲೇ ಮನೆ ಕಟ್ಟಿ ಕೆಡವಿ ಕೈ ಪಳಗಿಸಿಕೊಂಡಿದ್ದಳಂತೆ.

ಬದುಕಿನ ಆಟ ಅದು. ಗೆಲ್ಲುವುದಿಲ್ಲ, ಸೋಲುವುದಿಲ್ಲ. ಎದ್ದು ಸ್ನಾನ ಮಾಡಬೇಕು, ತಿಂಡಿ ಮಾಡಬೇಕು, ಕೆಲಸಕ್ಕೆ ಹೋಗಬೇಕು, ಬಂದು ಸಿಂಕ್ ರಿಪೇರಿ ಮಾಡಿಸಬೇಕು. ಇದನ್ನು ಆಟ ಅನ್ನುವುದಾದರೆ ನಾನು ಮೂವತ್ತು ವರ್ಷದಿಂದ ಆಡುತ್ತಲೇ ಇದ್ದೇನೆ ಅಂತ ಮೊದಲ ದಿನ ಮೂಗು ಮುರಿದೆ. ಎರಡನೇ ದಿನ ಊಟಕ್ಕೆ ಕರೆದರೆ "ಎರಡು ನಿಮಿಷ" ಅಂದೆ. ಕಾಲು ವಾಸಿಯಾಯಿತು. ಚಟ ಉಳಿಯಿತು.

ಈ ಆಟದಲ್ಲಿ ಒಂದು ತಕರಾರಿದೆ. ಕೊಂಡಾಗ ಸಿಗುವುದು ಬರೀ ಮನೆ, ಹಿತ್ತಲಲ್ಲಿ ನಾಲ್ಕು ಗಿಡ, ಕೆಲಸ, ಊಟ. ಮಿಕ್ಕಿದ್ದೆಲ್ಲ ಬೇರೆ ಬೇರೆ ಪ್ಯಾಕ್‌ಗಳಲ್ಲಿ ಬರುತ್ತದೆ. ನಾಯಿ ಬೆಕ್ಕು ಬೇಕಾ? ಒಂದು ಪ್ಯಾಕ್. ಹಳ್ಳಿ, ಹಸು, ತೋಟ? ಇನ್ನೊಂದು. ಮಳೆ, ಬಿಸಿಲು, ಚಳಿ? ಮತ್ತೊಂದು. ಮಸಾಲೆ ದೋಸೆ ತರಿಸಿಕೊಂಡರೆ ಪಲ್ಯಕ್ಕೆ ಬೇರೆ, ಚಟ್ನಿಗೆ ಬೇರೆ ಬಿಲ್ ಬಂದ ಹಾಗೆ. ಆ ಪಟ್ಟಿಯನ್ನು ನಾನು ಸುಮ್ಮನೆ ನೋಡುತ್ತಾ ಕೂತಿದ್ದಾಗ ಒಂದು ಚಿತ್ರದ ಹತ್ತಿರ ಬೆರಳು ನಿಂತಿತು. ಕಾಲೇಜು ಪ್ಯಾಕ್. ದೊಡ್ಡ ಮರಗಳು, ಲೈಬ್ರರಿ, ಹಾಸ್ಟೆಲ್ ರೂಮು. ರೂಮಿನಲ್ಲಿ ಎರಡು ಮಂಚ.

ನಾನು ಬಿ.ಎ. ಮಾಡಿದ್ದು ಮದುವೆಯಾದ ಮೇಲೆ, ಅಂಚೆ ಮೂಲಕ. ಪೋಸ್ಟ್‌ಮ್ಯಾನ್ ತರುವ ಪಾಠದ ಪುಸ್ತಕಗಳನ್ನು ಅಡುಗೆಮನೆಯ ಶೆಲ್ಫಿನಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟು ಓದಿದೆ. ಪಾಸೂ ಆದೆ. ಆದರೆ ನನ್ನ ಗೆಳತಿ ವಸಂತಾ ಹಾಸ್ಟೆಲ್ ಸೇರಿದ್ದಳು. ಅವಳ ಕಾಗದಗಳಲ್ಲಿ ಪಾಠದ ಸುದ್ದಿ ಇರುತ್ತಲೇ ಇರಲಿಲ್ಲ. ಕಿಟಕಿ ಪಕ್ಕದ ಮಂಚಕ್ಕಾಗಿ ರೂಮ್‌ಮೇಟ್ ಜೊತೆ ನಡೆಯುವ ಜಗಳವೇ ಪುಟಗಟ್ಟಲೆ. ಓದಿ ನಗುತ್ತಿದ್ದೆ. ಆಮೇಲೆ ಸ್ವಲ್ಪ ಹೊತ್ತು ನಗು ಬರುತ್ತಿರಲಿಲ್ಲ. ನನಗೆ ಡಿಗ್ರಿ ಸಿಕ್ಕಿತು, ಮಂಚ ಸಿಗಲಿಲ್ಲ.

ಹಾಗಾಗಿ ಆ ಪ್ಯಾಕ್ ನನಗೆ ಬೇಕಿತ್ತು. ತುಂಬಾ ಬೇಕಿತ್ತು. ಐವತ್ತಮೂರು ವರ್ಷದ ಹೆಂಗಸು ಕಾರ್ಟೂನ್ ಹಾಸ್ಟೆಲಿಗೆ ಆಸೆ ಪಟ್ಟರೆ ನಗುತ್ತೀರಾ? ನಗಿ. ನಾನೂ ನಕ್ಕು, ಪಟ್ಟಿ ಮುಚ್ಚಿಟ್ಟೆ.

ಆಮೇಲೆ ನನ್ನ ಹುಟ್ಟುಹಬ್ಬ ಬಂತು. ಭಾನುವಾರ ಊಟ ಮುಗಿಸಿ ಹಾಲಿನಲ್ಲಿ ಕೂತಿದ್ದಾಗ ಪಲ್ಲವಿ ಅಂದಳು: "ಅಮ್ಮಾ, ನಿನ್ನ ಬರ್ತ್‌ಡೇಗೆ ಒಂದು ಪ್ಯಾಕ್ ಕೊಡಿಸ್ತೀನಿ. ಆಫರ್ ಇವತ್ತು ಸಾಯಂಕಾಲಕ್ಕೆ ಮುಗಿಯುತ್ತೆ. ಯಾವುದು ಬೇಕು?"

ಇದಕ್ಕಿಂತ ನೇರವಾದ ಪ್ರಶ್ನೆ ಇದೆಯೇ? ಇದೇ ಅಂಕಣದಲ್ಲಿ ಕಡಿಮೆಯೆಂದರೂ ಮೂರು ಸಲ ಬರೆದಿದ್ದೇನೆ. ಹೆಣ್ಣುಮಕ್ಕಳೇ, ಬೇಕಾದ್ದನ್ನು ಬಾಯಿಬಿಟ್ಟು ಕೇಳಿ, ಯಾರೂ ನಿಮ್ಮ ಮನಸ್ಸನ್ನು ಓದುವುದಿಲ್ಲ ಅಂತ. ನಿಮ್ಮಲ್ಲಿ ಕೆಲವರು ಕತ್ತರಿಸಿ ಇಟ್ಟುಕೊಂಡಿದ್ದೇವೆ ಎಂದೂ ಬರೆದಿದ್ದೀರಿ. ಅಂಥ ನಾನು ಏನು ಹೇಳಿದೆ ಗೊತ್ತೇ?

"ಅಯ್ಯೋ, ಈಗ ಯಾಕೆ ಅದೆಲ್ಲ? ನಿನಗೆ ಯಾವುದು ಸರಿ ಅನ್ಸುತ್ತೋ ನೋಡು."

ನಮ್ಮ ಮನೆಗಳಲ್ಲಿ ಬಡಿಸುವಾಗ ನೋಡಿದ್ದೀರಲ್ಲ. ಹೋಳಿಗೆ ಹಿಡಿದು ಬಂದರೆ ಮೊದಲ ಸಲ "ಬೇಡ". ಎರಡನೇ ಸಲ ಎಲೆಗೆ ಕೈ ಅಡ್ಡ ಹಿಡಿದು "ಖಂಡಿತ ಬೇಡ". ಮೂರನೇ ಸಲ "ಹಾಗಾದ್ರೆ ಅರ್ಧ ಹಾಕಿ". ಮೊದಲ ಸಲಕ್ಕೇ ಹಾಕಿಸಿಕೊಂಡವನು ಹೊಟ್ಟೆಬಾಕ, ಒಂದೇ ಸಲ ಕೇಳಿ ಹೋದವಳು ಜಿಪುಣಿ. ಎರಡು ಕಡೆಯವರಿಗೂ ಇದು ಗೊತ್ತಿರುವುದರಿಂದ ಹೋಳಿಗೆ ಎಲೆ ಸೇರುತ್ತದೆ. ನಾನು ಮೂರನೇ ಸಲಕ್ಕೆ ಕಾಯುತ್ತಿದ್ದೆ. ನನ್ನ ಮಗಳು ಒಂದೇ ಸಲ ಕೇಳುವ ಕಾಲದವಳು. ಕೇಳಿದಳು, ಉತ್ತರ ಬಂತು, ಮುಗಿಯಿತು.

"ಸರಿ ಹಾಗಾದ್ರೆ, ಎಲ್ರೂ ಹೇಳಿ" ಅಂದಳು.

ಎಲ್ಲರೂ ಹೇಳಿದರು. ನನ್ನ ಗಂಡ ಪೇಪರು ಮಡಿಸಿ, "ಹಳ್ಳಿದು ತಗೊಳ್ಳಿ. ಹಸು, ಕೋಳಿ, ತರಕಾರಿ ತೋಟ. ಮನಸ್ಸಿಗೆ ಹಿತ" ಅಂದರು. (ನಾನು ನಾಲ್ಕು ದಿನ ಊರಿಗೆ ಹೋದರೆ ನಮ್ಮ ತುಳಸಿ ಗಿಡಕ್ಕೆ ನೀರು ಹಾಕುವುದನ್ನು ಮರೆಯುವ ಮನುಷ್ಯ.) ಪಲ್ಲವಿ ನಾಯಿ ಬೆಕ್ಕಿನದು ಚೆನ್ನಾಗಿದೆ ಅಂದಳು. "ನಾಯಿನಾ? ಕೂದಲೆಲ್ಲ ಸೋಫಾ ಮೇಲೆ!" ಎಂದು ನಾನು ಅಭ್ಯಾಸಬಲದಿಂದ ಕೂಗಿದೆ. ಆಟದೊಳಗಿನ ಸೋಫಾ ಅದು, ಆದರೂ.

"ಇನ್ನೊಂದು ಕಾಲೇಜಿಂದೂ ಇದೆ" ಅಂದಳು ಪಲ್ಲವಿ.

ಹೂಂ ಅಂದಿದ್ದರೆ ಸಾಕಿತ್ತು. ನಾನು ಎದ್ದು ಎಲ್ಲರಿಗೂ ಕಾಫಿ ಮಾಡಲು ಹೋದೆ.

"ಈ ವಯಸ್ಸಲ್ಲಿ ಅವಳಿಗೆ ಪರೀಕ್ಷೆ ಯಾಕೆ, ಪಾಪ" ಎಂದು ಗಂಡ ನಗುವುದು ಅಡುಗೆಮನೆಗೆ ಕೇಳಿಸಿತು. ಹಾಲು ಉಕ್ಕಿತು.

ಅತ್ತೆ ಗಡಿಯಾರ ನೋಡಿದರು. "ನಾಲ್ಕೂವರೆಗೆ ರಾಹುಕಾಲ ಶುರು. ತಗೊಳೋದಾದ್ರೆ ಅಷ್ಟರೊಳಗೆ ತಗೊಂಡ್ಬಿಡಿ" ಅಂದರು. ಆಗ ನಾಲ್ಕೂಕಾಲು. ವಿದೇಶದ ಯಾವುದೋ ಕಂಪನಿಯ ಆಫರು ನಮ್ಮ ಅತ್ತೆಯ ರಾಹುಕಾಲಕ್ಕೆ ಸಿಕ್ಕಿಹಾಕಿಕೊಂಡಿತು. ಗಡಿಬಿಡಿ ಹತ್ತಿತು.

"ನಿಮಗೆ ಯಾವುದು ಅನ್ಸುತ್ತೆ ಅಜ್ಜಿ?"

"ಮಳೆ ಚಳಿದು ತಗೊಳ್ಳೇ. ಅದೇನೋ ಆಟದ ಊರು, ಮಳೆಗಾಲ ಚಳಿಗಾಲವೇ ಇಲ್ಲ."

"ಅಮ್ಮಾ, ಓಕೆನಾ?"

ಇದು ಎರಡನೇ ಸಲ. ನನಗೆ ಈಗಲೂ ಅವಕಾಶವಿತ್ತು. ಕಾಫಿ ಲೋಟ ಹಿಡಿದು ನಿಂತವಳು ಅಂದೆ: "ಅತ್ತೆಗೆ ಇಷ್ಟ ಆದ್ರೆ ನನಗೂ ಇಷ್ಟ."

ನಾಲ್ಕು ಇಪ್ಪತ್ತೆಂಟಕ್ಕೆ ಚಳಿಗಾಲ ನಮ್ಮ ಮನೆಗೆ ಬಂತು. ಮೂರನೇ ಸಲ ಯಾರೂ ಕೇಳಲಿಲ್ಲ.

ಮಾರನೇ ದಿನ ನಾನು ಸತ್ತೆ. ಆ ಪ್ಯಾಕ್ ಹಾಕಿದ ಮೇಲೆ ಆಟದವರಿಗೆಲ್ಲ ಚಳಿ ಬಟ್ಟೆ ಬೇರೆ ಆರಿಸಬೇಕಂತೆ. ವಿಜಯನಗರದಲ್ಲಿ ಮನೆ ಮಾಡಿದವಳಿಗೆ ಅದು ಹೇಗೆ ಹೊಳೆಯಬೇಕು? ನಮಗೆ ಚಳಿಗಾಲವೆಂದರೆ ಬೀರುವಿನಿಂದ ಒಂದು ಸ್ವೆಟರು, ವಾಕಿಂಗಿಗೆ ಹೋಗುವ ಗಂಡನಿಗೆ ಒಂದು ಮಂಕಿ ಕ್ಯಾಪು. ಹತ್ತು ಗಂಟೆಗೆ ಬಿಸಿಲು ಬಂದರೆ ಅದೂ ಕುರ್ಚಿ ಮೇಲೆ. ಹಿಮ ನೋಡಿ "ಅಬ್ಬಾ, ಚೆನ್ನಾಗಿದೆ" ಎಂದು ಗೀತಾಳನ್ನು ಹಾಗೇ ಹೊರಗೆ ಕಳಿಸಿದೆ.

ಸಂಜೆ ಪಲ್ಲವಿ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೋಗ್ಲಿ ಬಿಡು, ಭಾನುವಾರ ಸೇವ್ ಮಾಡಿದ್ದಿದೆ, ಬದುಕಿಸೋಣ. ಆದ್ರೆ ಅಮ್ಮಾ, ನೀನೇ ಕೇಳಿದ ಪ್ಯಾಕು. ಒಂಚೂರು ಓದ್ಕೊಂಡು ಆಡಬಾರ್ದಾ?"

"ನಾನೆಲ್ಲಿ ಕೇಳ್ದೆ?" ಅಂದೆ. ದನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿತ್ತು. "ನನಗೆ ಬೇಕಿದ್ದಿದ್ದು ಕಾಲೇಜು."

ಶೂ ಬಿಚ್ಚುತ್ತಿದ್ದ ಗಂಡ ಹಾಗೇ ನಿಂತರು. "ಹೇಳಬಾರ್ದಿತ್ತಾ?"

ನನಗೆ ಕೆಟ್ಟ ಸಿಟ್ಟು ಬಂತು. ಹೇಳಬಾರದಿತ್ತಾ! ಎಷ್ಟು ಸುಲಭದ ಮಾತು. ಏನಾದರೂ ತಿರುಗಿಸಿ ಕೊಡೋಣ ಎಂದು ಬಾಯಿ ತೆರೆದೆ. ಮಗಳು ಎರಡು ಸಲ ಕೇಳಿದ್ದಳಲ್ಲ. ಸಿಟ್ಟು ಬಂದಿದ್ದು ನನ್ನ ಮೇಲೇ ಎಂದು ಒಪ್ಪಿಕೊಳ್ಳಲು ಒಂದು ರಾತ್ರಿ ಬೇಕಾಯಿತು.

ಆಗ ಅತ್ತೆ ಬಾಯಿಬಿಟ್ಟರು. "ಮಳೆ ಚಳಿ ನನಗೂ ಬೇಕಿರಲಿಲ್ಲ ಕಣೇ. ಈ ಆಟದಲ್ಲಿ ಮಳೆನೇ ಬರಲ್ಲ ಅಂತ ನೀನೇ ಅಂದ್ಯಲ್ಲ ಆವತ್ತು? ನಿನಗೆ ಆಸೆ ಇರಬೇಕು ಅಂದ್ಕೊಂಡು ಹೇಳ್ದೆ."

"ಅತ್ತೆ, ನಾನು ಸಂತೋಷಕ್ಕೆ ಅಂದಿದ್ದು! ಬಟ್ಟೆ ತೆಗೆಯೋಕೆ ಟೆರೇಸಿಗೆ ಓಡೋ ಹಾಗಿಲ್ಲ ಅಂತ!"

"ನಿಮಗೆ ಯಾವುದು ಬೇಕಿತ್ತು ಅಜ್ಜಿ?" ಅಂದಳು ಪಲ್ಲವಿ.

ಅತ್ತೆ ಸೆರಗಿನ ಅಂಚು ಮಡಿಸಿದರು. "ನಾಯಿದು. ನಮ್ಮ ತವರಲ್ಲಿ ಒಂದು ಕರಿ ನಾಯಿ ಇತ್ತು. ನಿಮ್ಮಮ್ಮ ಕೂಗಿದ್ಳಲ್ಲ, ಸೋಫಾ ಅಂತ. ಸುಮ್ಮನಾದೆ."

ನಲವತ್ತು ಅಡಿ ಉದ್ದದ ಮನೆಯಲ್ಲಿ ಮೂವತ್ತು ವರ್ಷ ಒಟ್ಟಿಗಿದ್ದೇವೆ. ಕರಿ ನಾಯಿಯ ವಿಷಯ ನಾನು ಕೇಳಿದ್ದು ಆವತ್ತೇ ಮೊದಲು. ನಾಚಿಕೆಯಾಯಿತು. ಇನ್ನು ಹಳ್ಳಿ ಪ್ಯಾಕ್ ನನ್ನ ಗಂಡ ಕೇಳಿದ್ದು ಯಾರಿಗಾಗಿ? ತಮ್ಮ ಅಮ್ಮನಿಗೆ ಹಸುಗಳ ನೆನಪಾಗುತ್ತಿರಬಹುದು ಎಂದುಕೊಂಡಿದ್ದರಂತೆ. "ಆ ಸಗಣಿ ಬಾಚಿದ್ದು ಸಾಕಪ್ಪ ನನಗೆ" ಅಂದರು ಅತ್ತೆ.

"ಅಂದ್ರೆ," ಪಲ್ಲವಿ ಬೆರಳು ಮಡಿಸುತ್ತಾ ಅಂದಳು, "ನಾವು ತಗೊಂಡಿರೋ ಪ್ಯಾಕು ಈ ಮನೇಲಿ ಒಬ್ರಿಗೂ ಬೇಕಿರಲಿಲ್ಲ?"

ಅತ್ತಿಗುಪ್ಪೆಯ ಕಡೆಯಿಂದ ಮೆಟ್ರೊ ಬಂದು ಹೋದ ಸದ್ದು ಕೇಳಿಸಿತು.

ಇದನ್ನು ನಾವು ಪ್ರೀತಿ ಅನ್ನುತ್ತೇವೆ. ಒಬ್ಬರ ಮನಸ್ಸನ್ನು ಇನ್ನೊಬ್ಬರು ಊಹಿಸಿ, ತಮಗೆ ಬೇಕಾದ್ದನ್ನು ನುಂಗಿಕೊಳ್ಳುವುದು. ಪ್ರೀತಿಯೇ ಇರಬಹುದು, ನಾನು ಇಲ್ಲವೆನ್ನುವುದಿಲ್ಲ. ಆದರೆ ಟೂರಿಗೆ ಎಲ್ಲಿಗೆ, ಸೀರೆ ಯಾವ ಬಣ್ಣ, ಗೋಡೆಗೆ ಯಾವ ಪೇಂಟು ಅಂತ ಹೀಗೆಯೇ ತೀರ್ಮಾನ ಮಾಡಿದ್ದೇವಲ್ಲ ಇಷ್ಟು ವರ್ಷ? ನಮ್ಮ ಹಾಲಿನ ಗೋಡೆ ಪಿಸ್ತಾ ಹಸಿರು. ಅದು ಯಾರಿಗೆ ಇಷ್ಟವಿತ್ತು ಎಂದು ಕೇಳಲು ಈಗ ನನಗೆ ಧೈರ್ಯವಿಲ್ಲ.

ಬುಧವಾರ ಆಫರು ಮುಗಿದು ಮೂರು ದಿನವಾಗಿತ್ತು. ಪೂರ್ತಿ ಬೆಲೆ ಕೊಟ್ಟು ಕಾಲೇಜು ಪ್ಯಾಕ್ ನಾನೇ ತೆಗೆದುಕೊಂಡೆ. ಮುಂದಿನ ಆಫರಿಗೆ ನಾಯಿ ತರೋಣ ಅತ್ತೆ ಅಂದರೆ, "ಬೇಡಮ್ಮ, ಈಗ ಯಾಕೆ ಅದೆಲ್ಲ" ಅಂದರು. ಇನ್ನೆರಡು ಸಲ ಕೇಳುವುದು ಬಾಕಿ ಇದೆ. ಕೇಳುತ್ತೇನೆ.

ಸಂಜೆ ಗೀತಾಳನ್ನು ಕಾಲೇಜಿಗೆ ಸೇರಿಸಲು ಕೂತೆ. (ಈ ಸಲ ಸ್ವೆಟರು, ಕೋಟು, ಟೋಪಿ ಎಲ್ಲ ಹಾಕಿದ್ದೆ.) ಮೂವರೂ ಕುರ್ಚಿಯ ಹಿಂದೆ ನಿಂತರು. ಯಾವ ವಿಷಯ ಎಂದು ಕೇಳಿತು ಆಟ.

"ಕಂಪ್ಯೂಟರ್ ತಗೋ, ಸ್ಕೋಪ್ ಇದೆ" ಅಂದರು ಗಂಡ. ನಾನು ಇತಿಹಾಸ ಒತ್ತಿದೆ.

ಮುಂದಿನ ಪ್ರಶ್ನೆ: ಮನೆಯಿಂದಲೇ ಓಡಾಡುತ್ತೀರಾ, ಹಾಸ್ಟೆಲಿನಲ್ಲಿರುತ್ತೀರಾ?

"ಮನೆಯಿಂದಲೇ ಹೋಗಿ ಬರಲಿ ಬಿಡೇ, ಅಡುಗೆ ಯಾರು ಮಾಡ್ತಾರೆ?" ಅಂದರು ಅತ್ತೆ. ಅಂದಮೇಲೆ ತಾವೇ ಬಾಯಿಗೆ ಸೆರಗು ಹಿಡಿದರು.

ಹಾಸ್ಟೆಲ್ ಒತ್ತಿದೆ. ರೂಮಿನ ಬಾಗಿಲು ತೆರೆಯಿತು. ರೂಮ್‌ಮೇಟ್ ಹುಡುಗಿ ಸೂಟ್‌ಕೇಸ್ ಹಿಡಿದು ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಎರಡು ಮಂಚವೂ ಖಾಲಿ.

ನಾನು ಯಾರಾದರೂ ಕೇಳಲಿ ಎಂದು ಕಾಯದೆ, ಹೋಗಿ ಕಿಟಕಿ ಪಕ್ಕದ ಮಂಚದ ಮೇಲೆ ಕೂತೆ.