ಎಲೆ ಬಿಟ್ಟು ಎದ್ದ ಅತ್ತೆ

"ಇನ್ನೂ ಆ ಹುಚ್ಚಿನ ಮಾತ್ರೆ ನುಂಗ್ತಿದ್ದೀಯೇನಮ್ಮಿ?"

ಹರದನಹಳ್ಳಿಯ ನೆಂಟರ ಮನೆಯಲ್ಲಿ ನಾಮಕರಣದ ಊಟಕ್ಕೆ ಕೂತಿದ್ದಾಗ, ನನ್ನ ಗಂಡನ ದೊಡ್ಡಪ್ಪ ಎಲ್ಲರೆದುರು ಹೀಗೆ ಕೇಳಿದರು. ನಾನು ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವುದು ಅವರಿಗೆ ಸದಾ ತಮಾಷೆ.

"ಹೌದು ಮಾವ, ನುಂಗ್ತೀನಿ. ಇನ್ನೊಂದ್ಸಲ ಹಿಂಗೆ ಆಡ್ಕೊಂಡ್ರೆ ಎದ್ದೋಯ್ತೀನಿ," ಅಂದೆ. ಅವರು ನಕ್ಕು, ಪಕ್ಕದವರಿಗೆ ಅದನ್ನೇ ಮತ್ತೆ ಜೋರಾಗಿ ಹೇಳಿದರು. ನಾನು ಅರ್ಧ ಊಟಕ್ಕೇ ಎದ್ದುಬಿಟ್ಟೆ.

ಹೊರಗೆ ಚಪ್ಪಲಿ ಹುಡುಕುತ್ತಿದ್ದರೆ ಅತ್ತೆಯೂ ಎಂಜಲು ಕೈಯಲ್ಲೇ ಬಂದು ಪಕ್ಕದಲ್ಲಿ ನಿಂತರು. ಹಿರಿಯರ ಮುಂದೆ ಎಂದೂ ದನಿ ಎತ್ತದವರು ಒಳಗೆ ತಿರುಗಿ, "ನನ್ ಸೊಸೆ ಉಣ್ದಿರೋ ಕಡೆ ನಾನೂ ಉಣ್ಣಾಕಿಲ್ಲ ಕಣ್ರಪ್ಪ," ಅಂದರು.

ದೊಡ್ಡಪ್ಪ ನಮ್ಮೊಂದಿಗೆ ಮಾತು ಬಿಟ್ಟಿದ್ದಾರೆ. ಬಿಡಲಿ. ನೆಂಟರ ಕರೆಗೆ ಅತ್ತೆಯೂ ನಾನೂ ಈಗಲೂ ಹೋಗುತ್ತೇವೆ. ಅಂಥ ಮಾತು ಬಂದರೆ ಮತ್ತೆ ಎದ್ದು ಬರುತ್ತೇವೆ, ಇಬ್ಬರೂ.