ಕೆಂದನ ಕೊರಳ ಗಂಟೆ

ತಿಳವಳ್ಳಿಯ ಉಡಚಪ್ಪ ಕ್ಷಮಿಸುವ ಪೈಕಿ ಅಲ್ಲ. ಅವನದು ತಪ್ಪು ಎಂದು ನಾನಂತೂ ಹೇಳುವುದಿಲ್ಲ.

ಹಾನಗಲ್ಲ, ಸವಣೂರ ಹಾದು ಯಲವಿಗಿ ಸ್ಟೇಷನ್ನಿನವರೆಗೆ ಅವನ ಚಕ್ಕಡಿ ಬಾಡಿಗೆ ಹೋಗುತ್ತಿತ್ತು. ಹೋಗುವಾಗ ರೈಲಿನ ಮಂದಿ, ಬರುವಾಗ ಸವಣೂರ ವೀಳ್ಯದೆಲೆಯ ಪೆಂಡಿ. ಎರಡು ದಿನದ ದಾರಿ. ಅದರಲ್ಲಿ ಜೀವ ಹಿಂಡುತ್ತಿದ್ದುದು ವರದಾ ಹೊಳೆಯ ಉಸುಕು. ಅದಕ್ಕೇ ಚಕ್ಕಡಿಯವರಲ್ಲಿ ಒಂದು ಕಟ್ಟಳೆ: ಹೊಳೆಯಲ್ಲಿ ಯಾರ ಗಾಲಿ ಹೂತರೂ ಹಿಂದೆ ಬಂದವನು ತನ್ನ ಎತ್ತು ಬಿಚ್ಚಿ ಹೂಡಿ ಎಳೆಯಬೇಕು. ಹೂತವನು ವೈರಿಯಾದರೂ ಸರಿ. ಜಗಳ ಏನಿದ್ದರೂ ದಂಡೆ ಹತ್ತಿದ ಮೇಲೆ.

ಶಿದ್ಲಿಂಗಪ್ಪನೂ ಮೊದಲು ಚಕ್ಕಡಿಯವನೇ. ಉಡಚಪ್ಪನ ಕೆಂದ ಎಂಬ ಎತ್ತು ಅವನ ಗಾಡಿಯನ್ನು ನಾಲ್ಕು ಸಲವಾದರೂ ಎಳೆದು ಹಾಕಿತ್ತು. ಆಮೇಲೆ ಅವನು ಖಾಕಿ ಕೋಟು ತೊಟ್ಟು, ಅದೇ ದಾರಿಯಲ್ಲಿ ಮಂದಿ ಒಯ್ಯುವ ಸರ್ವಿಸ್ ಮೋಟಾರಿನ ಡ್ರೈವರ್ ಆದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

ಮೂವತ್ತೆಂಟರ ಜೂನಿನಲ್ಲಿ, ಮಿರಗದ ಮಳೆಯಲ್ಲಿ, ಉಡಚಪ್ಪನ ಗಾಲಿ ನಡುಹೊಳೆಯಲ್ಲಿ ಹೂತವು. ನೀರು ಏರುತ್ತಿತ್ತು. ಹಿಂದೆಯೇ ಮೋಟಾರು ಬಂತು.

"ಶಿದ್ಲಿಂಗಾ, ಒಂದ್ ಹಗ್ಗ ಕಟ್ಟಿ ಎಳಿಯೋ!"

"ದಾರಿ ಬಿಡೋ, ನನಗ ರೈಲ್ ಟೈಮ್ ಐತಿ," ಎಂದವನೇ ಪಕ್ಕದಿಂದ ನೀರು ಹಾರಿಸುತ್ತ ಹೋಗಿಬಿಟ್ಟ.

ಉಡಚಪ್ಪ ಕುಡಗೋಲಿನಿಂದ ಎಡಗಡೆಯ ಎತ್ತಿನ ಹಗ್ಗ ಕೊಯ್ದ. ಬಲಕ್ಕೆ ಬರುವಷ್ಟರಲ್ಲಿ ಕೆಂದ ನೊಗದಲ್ಲೇ ಮುಳುಗಿ ಸತ್ತಿತ್ತು. ಅದರ ಕೊರಳ ಗಂಟೆ ಬಿಚ್ಚಿಕೊಂಡು ದಂಡೆಯ ಮೇಲೆ ಕುಳಿತು ಗಂಡಸು ಗೊಳೋ ಎಂದು ಅತ್ತ. ಆ ಗಂಟೆಯನ್ನು ಬೇರೆ ಯಾವ ಎತ್ತಿಗೂ ಕಟ್ಟಲಿಲ್ಲ. ಐದು ವರ್ಷ ಚಕ್ಕಡಿಯಲ್ಲೇ ಇಟ್ಟುಕೊಂಡು, ಹೊಳೆ ದಾಟುವಾಗೆಲ್ಲ ಮುಟ್ಟಿ ನೋಡಿ ಹಲ್ಲು ಕಡಿಯುತ್ತಿದ್ದ.

ಯುದ್ಧ ಬಂತು, ಪೆಟ್ರೋಲು ಹೋಯಿತು. ಇದ್ದಿಲ ಹೊಗೆಯಿಂದಲೇ ಎಂಜಿನ್ ಓಡಲೆಂದು ಮೋಟಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದರು. ದಿಬ್ಬ ಬಂದರೆ ಮಂದಿ ಇಳಿದು ನೂಕಬೇಕು. ನಲವತ್ಮೂರರ ಮಿರಗದಲ್ಲಿ ಅದೇ ಉಸುಕಿನಲ್ಲಿ ಅದೇ ಶಿದ್ಲಿಂಗಪ್ಪನ ಮೋಟಾರು ಹೂತು ನಿಂತಿತು. ಹಿಂದೆ ಬಂದವರು ಉಡಚಪ್ಪ ಮತ್ತು ಸವಣೂರಿನ ಚಕ್ಕಡಿಯವ ಖಾದರಸಾಬ.

ಶಿದ್ಲಿಂಗಪ್ಪ ಕೈಮುಗಿದ. "ಉಡಚಪ್ಪಣ್ಣ, ಹಳೇದೆಲ್ಲಾ ಹೊಟ್ಟ್ಯಾಗ ಹಾಕ್ಕೋ. ಇವತ್ತ ಆಚಿ ದಂಡಿ ಮುಟ್ಟಲಿಲ್ಲಂದ್ರ ಮಳಿಗಾಲ ಪೂರಾ ಮೋಟಾರ್ ಇಲ್ಲೇ ಕೊಳೀತೈತಿ. ಮಾಲಕ ನನ್ನ ಕೆಲಸದಿಂದ ತಗೀತಾನ."

"ಕಟ್ಟಳಿ ಅಂದ್ರ ಕಟ್ಟಳಿ. ಎಳೀತೇನಿ, ಹೋಗಿ ಕುಂದರು."

ಮಂದಿ ಇಳಿದರು. ಶಿದ್ಲಿಂಗಪ್ಪ ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತ ಕುಳಿತ. ಉಡಚಪ್ಪ ಎರಡೂ ಜೋಡಿ ಎತ್ತುಗಳನ್ನು ಮೋಟಾರಿನ ಹಿಂದಕ್ಕೆ ಕಟ್ಟಿ ಹೊಡೆದ. ಮೋಟಾರು ಅಲುಗಾಡಿ, ಬಂದ ದಂಡೆಗೇ ಹಿಂದೆ ಹಿಂದೆ ಸರಿಯಿತು.

"ಏ, ಈ ಕಡಿ ಅಲ್ಲೋ!" ಶಿದ್ಲಿಂಗಪ್ಪ ಚೀರಿದ.

"ಹೊಳ್ಯಾಗಿಂದ ಎಳೀಬೇಕಂತ ಕಟ್ಟಳಿ ಐತಿ. ಯಾವ ದಂಡಿಗಂತ ಯಾರ್ ಹೇಳ್ಯಾರ?"

ದಂಡೆ ಹತ್ತಿದ ಮೇಲೆ ಶಿದ್ಲಿಂಗಪ್ಪ ಕಾಲಿಗೆ ಬಿದ್ದ. ಉಡಚಪ್ಪ ಕೆಂದನ ಗಂಟೆ ತಂದು ಮೋಟಾರಿನ ಮೂತಿಗೆ ಕಟ್ಟಿದ. ಮಂದಿಯನ್ನೆಲ್ಲ ಎರಡು ಚಕ್ಕಡಿಗಳಲ್ಲಿ ತುಂಬಿದ. ಆಮೇಲೆ ಹೇಳಿದ:

"ದಾರಿ ಬಿಡೋ ಶಿದ್ಲಿಂಗಾ, ನನಗ ರೈಲ್ ಟೈಮ್ ಐತಿ."

ಸಂಜೆಯೊಳಗೆ ಹೊಳೆ ತುಂಬಿತು. ಮೋಟಾರು ದೀಪಾವಳಿಯವರೆಗೆ ಅಲ್ಲೇ ನಿಂತಿತು. ಕೆಲಸ ಕಳೆದುಕೊಂಡ ಶಿದ್ಲಿಂಗಪ್ಪ ಮರುವರ್ಷ ಮತ್ತೆ ಚಕ್ಕಡಿ ಹೂಡಿದ. ಹೊಳೆಯಲ್ಲಿ ಅವನ ಗಾಲಿ ಹೂತಾಗ ಉಡಚಪ್ಪ ಎಂದೂ ಇಲ್ಲ ಅನ್ನಲಿಲ್ಲ, ಎಳೆದ. ಪ್ರತಿ ಸಲವೂ ಹಿಂದಕ್ಕೇ ಎಳೆದ.